ಎಲ್ಲಿಯೂ ಇಳಿಯದ ಹಕ್ಕಿ

ದ.ರಾ. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಏಳು ನುಡಿಗಳ ಕವಿತೆ. 1932ರಲ್ಲಿ ಹೊರಬಂದ ‘ಗರಿ’ ಸಂಕಲನದಲ್ಲಿ ಇದು ಸೇರಿದೆ. ಪ್ರತಿ ನುಡಿಯ ಕೊನೆಗೂ ಶೀರ್ಷಿಕೆಯ ಪ್ರಶ್ನೆಯೇ ಪಲ್ಲವಿಯಾಗಿ ಮರಳುತ್ತದೆ. ಹಕ್ಕಿ ಯಾವುದು ಎಂದು ಕವಿತೆ ಒಮ್ಮೆಯೂ ಬಿಡಿಸಿ ಹೇಳುವುದಿಲ್ಲ. ಅದು ಕಾಲವೆಂಬುದು ಓದುಗನಿಗೆ ಅದರ ಕೆಲಸಗಳಿಂದಲೇ ಗೊತ್ತಾಗಬೇಕು.

ಕಾಲಕ್ಕೆ ಮೈಕೊಡುವ ಪದ್ಧತಿ ಭಾರತೀಯ ಸಾಹಿತ್ಯಕ್ಕೆ ಹೊಸದಲ್ಲ. ಅಥರ್ವವೇದದ ಕಾಲಸೂಕ್ತದಲ್ಲಿ ಅದು ಏಳು ಹಗ್ಗಗಳ, ಸಾವಿರ ಕಣ್ಣುಗಳ ಕುದುರೆ. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಲೋಕವನ್ನು ನುಂಗುವ ವಿಶ್ವರೂಪ. ಜನರ ಬಾಯಲ್ಲಿ ಕಾಲನೆಂದರೆ ಕೋಣನೇರಿ ಬರುವ ಯಮ. ಬೇಂದ್ರೆ ಈ ಮೂರನ್ನೂ ಬಿಟ್ಟು ಹಕ್ಕಿಯನ್ನು ಆರಿಸಿಕೊಂಡರು. ಕುದುರೆಗೆ ಸವಾರನುಂಟು, ಯಮನಿಗೆ ಬಂದ ಕೆಲಸವುಂಟು, ಹಕ್ಕಿಗೆ ಹಾರಾಟವೊಂದೇ. ಅದು ಯಾರ ಮೇಲೂ ಹಗೆ ಸಾಧಿಸುವುದಿಲ್ಲ, ಯಾರ ಮೊರೆಗೂ ನಿಲ್ಲುವುದಿಲ್ಲ. ಅದರ ಸರ್ವಶಕ್ತಿ ಇರುವುದು ಕ್ರೌರ್ಯದಲ್ಲಲ್ಲ, ನಿಲ್ಲದಿರುವುದರಲ್ಲಿ. ಕವಿತೆಯ ಯಶಸ್ಸಿನ ದೊಡ್ಡ ಪಾಲು ಈ ಆಯ್ಕೆಗೇ ಸಲ್ಲಬೇಕು.

ಮೊದಲ ನುಡಿಯಲ್ಲಿ ಹಗಲು ರಾತ್ರಿಗಳ ಸರದಿಯಿದೆ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಹಕ್ಕಿ ಗಾವುದ ಗಾವುದ ದಾಟಿರುತ್ತದೆ. ಎರಡನೆಯದರಲ್ಲಿ ಮೈಬಣ್ಣ: ನರೆ ಬೆರೆತ ಕಪ್ಪಿನ ಪುಕ್ಕ, ಹೊಳೆಯುವ ಬಿಳಿ ಗರಿ, ಕೆಂಪು ಹೊನ್ನಿನ ರೆಕ್ಕೆ. ಇವನ್ನು ರಾತ್ರಿ, ಹಗಲು, ಸಂಧ್ಯೆಗಳೆಂದು ಓದುವುದು ರೂಢಿ. ಅದು ಸರಿಯಾದ ಓದೇ. ಮೂರನೆಯದರಲ್ಲಿ ಆಕಾಶಕ್ಕೇ ರೆಕ್ಕೆ ಮೂಡಿ, ಚಿಕ್ಕೆಗಳು ಮಾಲೆಯಾಗಿ, ಸೂರ್ಯ ಚಂದ್ರರು ಕಣ್ಣಾಗುತ್ತಾರೆ. ಇಲ್ಲಿಯವರೆಗೆ ಕವಿತೆ ಹಕ್ಕಿಯನ್ನು ತೋರಿಸುತ್ತದೆ, ಅದರ ಕೆಲಸವನ್ನಲ್ಲ.

ಕೆಲಸ ಶುರುವಾಗುವುದು ನಾಲ್ಕನೆಯ ನುಡಿಯಲ್ಲಿ. ಹಕ್ಕಿ ರಾಜ್ಯ ಸಾಮ್ರಾಜ್ಯಗಳನ್ನು ತೆನೆಯಂತೆ ಒಕ್ಕುತ್ತದೆ, ಮಂಡಲಗಳನ್ನು ಮುಕ್ಕುತ್ತದೆ, ಖಂಡಗಳನ್ನು ತೇಲಿಸಿ ಮುಳುಗಿಸುತ್ತದೆ, ಸಾರ್ವಭೌಮರ ನೆತ್ತಿಯನ್ನು ಕುಕ್ಕುತ್ತದೆ. ಈ ನುಡಿಯನ್ನು ಬರೀ ನಾಶದ ಚಿತ್ರವೆಂದು ಪಾಠ ಹೇಳುವುದುಂಟು. ಆದರೆ ಒಕ್ಕುವುದು ನಾಶವಲ್ಲ. ಕಣದಲ್ಲಿ ಜೋಳದ ತೆನೆ ಒಕ್ಕಿದರೆ ಕಾಳು ಉಳಿಯುತ್ತದೆ, ಹೊಟ್ಟು ಹಾರುತ್ತದೆ. ಸಾಮ್ರಾಜ್ಯವೂ ಬೆಳೆದು ನಿಂತ ಫಸಲು, ಕಾಲ ಅದನ್ನು ಉಂಡು ಮುಂದೆ ಹೋಗುತ್ತದೆ ಎಂಬ ಕಾಣ್ಕೆ ಈ ಒಂದು ಕ್ರಿಯೆಯಲ್ಲಿ ಅಡಗಿದೆ.

ಈ ನುಡಿಯನ್ನು ಪರೀಕ್ಷಿಸಲು ಎಡದೊರೆ ನಾಡಿಗಿಂತ ತಕ್ಕ ನೆಲ ಸಿಗುವುದು ಕಷ್ಟ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಪಟ್ಟಿಗಾಗಿ ಬಹಮನಿಯವರೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. ಅರ್ಧ ಶತಮಾನ ಕಳೆಯುವುದರೊಳಗೆ ಅವನ ರಾಜಧಾನಿಯೇ ಹಾಳಾಯಿತು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ಕೈಯಿಂದ ಕೈಗೆ ದಾಟಿತು. ಆಮೇಲೆ ಆದಿಲಶಾಹಿ, ಮೊಗಲರು, ನಿಜಾಮ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆಯೂ ಮುಗಿಯಿತು. ಹಕ್ಕಿ ಕುಕ್ಕಿದ ನೆತ್ತಿಗಳ ಪಟ್ಟಿ ಇಲ್ಲಿ ಉದ್ದವಿದೆ.

ಇದೇ ನಾಡಿನ ಮಸ್ಕಿಯ ಬಂಡೆ ಮಾತ್ರ ಇನ್ನೊಂದು ಮಾತು ಹೇಳುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನ ಅಲ್ಲಿದೆ. ಬೇರೆಡೆಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಷ್ಟೇ ಸಿಕ್ಕಿದ್ದಾಗ, ಅರಸನ ಸ್ವಂತ ಹೆಸರು ಮೊದಲು ಕಂಡದ್ದು ಈ ಕಲ್ಲಿನಲ್ಲಿ. 1915ರಲ್ಲಿ ಅದನ್ನು ಬೆಳಕಿಗೆ ತಂದ ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಚಿನ್ನದ ಜಾಡು ಹಿಡಿದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು. ಮೌರ್ಯ ಸಾಮ್ರಾಜ್ಯವನ್ನು ಮುಕ್ಕಿದ ಕಾಲವೇ ಆ ಹೆಸರನ್ನು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಮುಚ್ಚಿಟ್ಟು ಮತ್ತೆ ತೆರೆಯಿತು. ತೆನೆ ಒಕ್ಕುವ ರೂಪಕವನ್ನು ಸರಿಯಾಗಿ ಓದಿದವರಿಗೆ ಇದು ಕವಿತೆಗೆ ವಿರುದ್ಧವಾದ ಸಾಕ್ಷಿಯಾಗಿ ಕಾಣುವುದಿಲ್ಲ.

ಐದನೆಯ ನುಡಿ ಇದೇ ದಾರಿಯಲ್ಲಿ ಮುಂದುವರಿಯುತ್ತದೆ. ಯುಗಗಳ ಹಣೆಬರಹ ಒರೆಸುವ ಹಕ್ಕಿಯೇ ರೆಕ್ಕೆ ಬೀಸಿ ಚೇತನ ತುಂಬುತ್ತದೆ, ಹೊಸ ಕಾಲದ ಹಸುಗೂಸುಗಳನ್ನು ಹರಸುತ್ತದೆ. ಈ ನುಡಿಯಿಲ್ಲದಿದ್ದರೆ ಕವಿತೆ ವೈರಾಗ್ಯಬೋಧೆಯಾಗಿ ಮುಗಿಯುತ್ತಿತ್ತು. ನಾಲ್ಕು, ಐದು, ಆರನೆಯ ನುಡಿಗಳ ವ್ಯಾಕರಣವೂ ಗಮನಾರ್ಹ. ಇವುಗಳಲ್ಲಿ ಪೂರ್ಣ ಕ್ರಿಯಾಪದವೇ ಇಲ್ಲ. ಬರುವುದೆಲ್ಲ ‘ಒಕ್ಕಿ’, ‘ಮುಳುಗಿಸಿ’ಗಳಂಥ ಅಪೂರ್ಣ ಕ್ರಿಯೆಗಳು. ವಾಕ್ಯ ಪೂರ್ಣವಾಗುವುದು ಪಲ್ಲವಿಯಲ್ಲಿ, ಅಲ್ಲೂ ಕ್ರಿಯೆ ನಡೆಯುತ್ತಲೇ ಇದೆ. ಓದುವವನಿಗೆ ಉಸಿರು ನಿಲ್ಲಿಸಲು ಎಡೆಯಿಲ್ಲ. ನಾಲ್ಕು ಮಾತ್ರೆಯ ಗಣಗಳ ಏಕರೀತಿಯ ನಡೆ ಈ ಓಟಕ್ಕೆ ರೆಕ್ಕೆಬಡಿತದ ತಾಳ ಕೊಡುತ್ತದೆ. ಕಾಲ ನಿಲ್ಲುವುದಿಲ್ಲ ಎಂದು ಬಾಯಿಬಿಟ್ಟು ಹೇಳದೆ, ವಾಕ್ಯವನ್ನೇ ನಿಲ್ಲದಂತೆ ಕಟ್ಟಿದ್ದು ಬೇಂದ್ರೆಯವರ ಕುಶಲತೆ.

ಆರನೆಯ ನುಡಿಯಲ್ಲಿ ಹಕ್ಕಿ ಶುಕ್ರನ ಮೇರೆ ಮೀರಿ, ಚಂದ್ರನ ನೀರು ಹೀರಿ, ಮಂಗಳದ ಅಂಗಳಕ್ಕೆ ಏರುತ್ತದೆ. ಇದನ್ನು ಬಾಹ್ಯಾಕಾಶಯಾನದ ಭವಿಷ್ಯವಾಣಿ ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆಯಿಂದ ಕವಿತೆಗೆ ಲಾಭವಿಲ್ಲ; ರಾಕೆಟ್ಟಿಗೆ ಹೊಂದಿಸಿದರೆ ಹಕ್ಕಿ ಕಿರಿದಾಗುತ್ತದೆ. ನಾಲ್ಕು ಐದನೆಯ ನುಡಿಗಳ ಬಿಸಿ ಇಲ್ಲಿ ಕೊಂಚ ಆರಿರುವುದೂ ನಿಜ. ಏಳನೆಯದು ಮತ್ತೆ ಬಿಗಿಯಾಗುತ್ತದೆ. ದಿಕ್ಕುಗಳ ಅಂಚು ಮುಟ್ಟಿದ ಹಕ್ಕಿ ಅದರಾಚೆಗೂ ಕೊಕ್ಕು ಚಾಚಿದೆ, ಬ್ರಹ್ಮಾಂಡಗಳನ್ನು ಒಡೆಯಲು ಹೊಂಚುಹಾಕಿದೆ. ಒಡೆಯುವುದು ಅಂಡವನ್ನಾದ್ದರಿಂದ ಅದು ಪ್ರಳಯವೂ ಹೌದು, ಮರಿಯ ಹುಟ್ಟೂ ಹೌದು; ಯಾವುದೆಂದು ಬಲ್ಲವರು ಯಾರು ಎಂದು ಕವಿತೆ ಅದನ್ನು ಹಾಗೆಯೇ ಬಿಡುತ್ತದೆ.

ಇಷ್ಟು ದೊಡ್ಡ ಕವಿತೆಯಲ್ಲೂ ಒಂದು ಕೊರತೆಯಿದೆ. ಹಕ್ಕಿಯ ಕೊಕ್ಕಿಗೆ ಸಿಗುವ ದೊಡ್ಡವರ ಲೆಕ್ಕ ಅದರಲ್ಲಿದೆ, ಉಳಿದವರದ್ದಿಲ್ಲ. ಇದೇ ಎಡದೊರೆಯ ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿನ ಈಗಿನ ಗಣಿ ಕಂಪನಿ ಹುಟ್ಟಿದ್ದು 1947ರಲ್ಲಿ, ನಿಜಾಮನ ರಾಜ್ಯದಲ್ಲಿ. ಆದರೆ ಅಲ್ಲಿ ಯಂತ್ರ, ಸಿಡಿಮದ್ದು ಬರುವ ಎಷ್ಟೋ ಮೊದಲೇ ಜನ 600 ಅಡಿಗೂ ಆಳಕ್ಕೆ ಅಗೆದಿದ್ದರು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ ಬಿರುಕುಬಿಡಿಸುವುದು ಆ ಕಾಲದ ವಿಧಾನ. ಅಗೆಸಿದ ಅರಸರಿಗೆ ಶಾಸನಗಳಿವೆ, ಅಗೆದವರಿಗೆ ಇರುವುದು ಪೊಳ್ಳಾದ ಬಂಡೆ ಮಾತ್ರ. ಕಾಲದ ಅಳಿಸುವ ಬಲ ಪೂರ್ಣವಾಗಿ ಫಲಿಸಿದ್ದು ಇವರ ಮೇಲೆ. ಕವಿತೆಯ ನಾಲ್ಕನೆಯ ನುಡಿಯಲ್ಲಿ ಇವರಿಗೆ ಜಾಗವಿಲ್ಲ.

ಆ ಜಾಗ ಸಿಗುವುದು ಬೇಂದ್ರೆಯವರದೇ ‘ಕುರುಡು ಕಾಂಚಾಣ’ದಲ್ಲಿ. ಅಲ್ಲಿ ಹಣ ಮೈತಾಳಿ ಕುಣಿಯುತ್ತದೆ, ಕಾಲಿಗೆ ಬಿದ್ದವರನ್ನು ತುಳಿಯುತ್ತದೆ. ಕಾಲದ ಹಕ್ಕಿಯ ಒಡವೆ ಚಿಕ್ಕೆ, ಸೂರ್ಯ, ಚಂದ್ರ. ಕಾಂಚಾಣದ ಗೆಜ್ಜೆ ಬಾಣಂತಿಯ ಎಲುಬಿನದು, ಮಾಲೆ ಕಂದಮ್ಮಗಳ ಕಣ್ಣುಗಳದು, ಹಣೆಯ ಭಂಡಾರ ಕೂಲಿಯವರ ಮೈದೊಗಲ ಧೂಳು. ಮೊದಲ ಕವಿತೆ ಗ್ರಂಥಭಾಷೆಯತ್ತ ವಾಲಿದರೆ ಎರಡನೆಯದು ಧಾರವಾಡದ ಆಡುಮಾತಿನಲ್ಲಿ, ಗೊಂದಲಿಗರ ಹಾಡಿನ ಗತ್ತಿನಲ್ಲಿ ಬರುತ್ತದೆ. ಎರಡೂ ಸರ್ವಶಕ್ತಿಯ ಚಿತ್ರಗಳೇ. ಆದರೆ ಕಾಂಚಾಣ ಕುಣಿಕುಣಿದು ಕೊನೆಗೆ ಅಂಗಾತ ಬೀಳುತ್ತದೆ. ಹಕ್ಕಿ ಏಳು ನುಡಿಗಳಲ್ಲಿ ಒಮ್ಮೆಯೂ ನೆಲಕ್ಕಿಳಿಯುವುದಿಲ್ಲ. ನೆಲದಲ್ಲಿ ದುಡಿಯುವವರ ಮುಖ ಅದಕ್ಕೆ ಕಾಣದಿರುವುದಕ್ಕೂ ಅದರ ಬಲಕ್ಕೂ ಕಾರಣ ಒಂದೇ, ಅದು ಹಾರುವ ಎತ್ತರ. ಹಟ್ಟಿಯಂಥ ಊರಿನ ತರಗತಿಯಲ್ಲಿ ಈ ಎರಡು ಕವಿತೆಗಳನ್ನು ಜೊತೆಗಿಟ್ಟು ಪಾಠ ಮಾಡುವುದು ಬರೀ ‘ಹಕ್ಕಿ’ಯೊಂದನ್ನೇ ಬಾಯಿಪಾಠ ಮಾಡಿಸುವುದಕ್ಕಿಂತ ನ್ಯಾಯವಾದದ್ದು.