ಅಮೆರಿಕದ ನಂಬರ್ ಪ್ಲೇಟುಗಳು

ಅಮೆರಿಕದಲ್ಲಿ ಕಾರಿನ ನಂಬರ್ ಪ್ಲೇಟ್ ಹೇಗಿರಬೇಕೆಂದು ತೀರ್ಮಾನಿಸುವುದು ಆಯಾ ರಾಜ್ಯ. 1950ರ ದಶಕದಲ್ಲಿ ಅಳತೆಯೊಂದು ಏಕರೂಪವಾಯಿತು: 12 ಇಂಚು ಅಗಲ, 6 ಇಂಚು ಎತ್ತರ. ಮಿಕ್ಕಿದ್ದೆಲ್ಲ ಸ್ಥಳೀಯ ಅಭಿಮಾನ. ವಯೋಮಿಂಗ್ 1936ರಿಂದ ಎಗರಾಡುವ ಕುದುರೆಯನ್ನೂ ಸವಾರನನ್ನೂ ಕೈಬಿಟ್ಟಿಲ್ಲ. ಅಲ್ಲಿ ಮೊದಲ ಸಂಖ್ಯೆಯೇ ಕೌಂಟಿಯ ಗುರುತು. ಹವಾಯಿಯದು ಕಾಮನಬಿಲ್ಲು. ಚಿತ್ರವೇ ಇಲ್ಲದ ಡೆಲವೇರಿನ ಕಡುನೀಲಿ-ಹೊಂಬಣ್ಣದ ಪ್ಲೇಟ್ ಇವೆಲ್ಲಕ್ಕಿಂತ ಚೆಲುವು ಎನ್ನಬೇಕು.

ನ್ಯೂ ಹ್ಯಾಂಪ್‌ಶೈರಿನ ಕಥೆ ಬೇರೆ. ಸ್ವತಂತ್ರವಾಗಿ ಬಾಳು, ಇಲ್ಲವೇ ಮಡಿ ಎಂಬ ಅದರ ಪ್ಲೇಟಿನ ಘೋಷವಾಕ್ಯವನ್ನು ಒಬ್ಬ ವಾಹನ ಮಾಲೀಕ ಮರೆಮಾಡಿದ. ಹಾಗೆ ಮಾಡಿದವರನ್ನು ಶಿಕ್ಷಿಸುವಂತಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದೇ ಪ್ಲೇಟಿನಲ್ಲಿರುವ ಮುದುಕನ ಮುಖದಂಥ ಬಂಡೆ 2003ರಲ್ಲೇ ಕುಸಿದಿದೆ. ಚಿತ್ರ ಮಾತ್ರ ಉಳಿದಿದೆ.

ಇಂಥ ಪ್ಲೇಟುಗಳನ್ನು ಕೂಡಿಡುವವರೂ ಇದ್ದಾರೆ; 1954ರಲ್ಲಿ ಈ ಸಂಗ್ರಾಹಕರ ಸಂಘವೇ ಹುಟ್ಟಿತು. ಈಗ ಚಾಲ್ತಿಯಲ್ಲಿರುವ ವಿನ್ಯಾಸಗಳನ್ನು ದಾಖಲಿಸುವುದು ಹಳೆಯದನ್ನು ಹುಡುಕುವುದಕ್ಕಿಂತ ಕಷ್ಟ, ಏಕೆಂದರೆ ಅವು ಸದ್ದಿಲ್ಲದೆ ಬದಲಾಗುತ್ತವೆ. ಹಿನ್ನೆಲೆ ಅದೇ ಇದ್ದರೂ ಅಕ್ಷರ-ಅಂಕಿಗಳ ಕ್ರಮ ಬೇರೆಯಾಗಬಹುದು, ಉಬ್ಬಚ್ಚಿನ ಅಂಕಿಗಳ ಜಾಗಕ್ಕೆ ಸಪಾಟು ಮುದ್ರಣ ಬರಬಹುದು. ಆದ್ದರಿಂದ ಜಾಗರೂಕ ಸಂಗ್ರಾಹಕ ಚಿತ್ರದ ಜೊತೆಗೆ ಅಂಕಿಯ ಕ್ರಮ, ಅಚ್ಚಿನ ಬಗೆ, ನವೀಕರಣದ ಸ್ಟಿಕರಿನ ವರ್ಷ ಇವನ್ನೂ ಬರೆದಿಡುತ್ತಾನೆ.