ನುಡಿದದ್ದು ಯಾರು? ‘ಕಾಂತಾರ’ ಕೇಳಿ ಬಿಟ್ಟ ಪ್ರಶ್ನೆ

2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂದ ‘ಕಾಂತಾರ’ದ ಬಗ್ಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಯಾರೊಡನೆ ಮಾತಿಗೆ ಕೂತರೂ ಮಾತು ಕೊನೆಯ ಇಪ್ಪತ್ತು ನಿಮಿಷಕ್ಕೇ ಹೋಗಿ ನಿಲ್ಲುತ್ತದೆ. ಗುಳಿಗ ದೈವ ಮೈಮೇಲೆ ಬಂದ ನಾಯಕ ಶಿವ, ಆ ಕೂಗು, ಧಣಿಯ ಸಂಹಾರ, ಆಮೇಲೆ ಪಂಜುರ್ಲಿ ದೈವವಾಗಿ ಎಲ್ಲರ ಕೈ ಹಿಡಿದು ಒಂದುಗೂಡಿಸುವುದು. ಚಿತ್ರದ ಕೀರ್ತಿಯೆಲ್ಲ ಆ ಭಾಗದ ಮೇಲೆ ನಿಂತಿದೆ. ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದಾಗಲೂ ಜನ ನೆನೆದದ್ದು ಅದನ್ನೇ. ನನಗೆ ಮಾತ್ರ ಕಥೆಯಾಗಿ ಚಿತ್ರ ಸೋತದ್ದು ಅಲ್ಲಿಯೇ ಎನಿಸುತ್ತದೆ. ಅದರ ಸತ್ವ ಇರುವುದು ಯಾರೂ ಹೆಚ್ಚು ಮಾತಾಡದ ಎರಡು ಚಿಕ್ಕ ಪ್ರಸಂಗಗಳಲ್ಲಿ. ಅವೆರಡೂ ಕೇಳುವ ಪ್ರಶ್ನೆಗೆ ಕೊನೆಯ ಭಾಗ ಉತ್ತರಿಸುವುದೂ ಇಲ್ಲ, ಅದನ್ನು ಉಳಿಸಿಕೊಳ್ಳುವುದೂ ಇಲ್ಲ.

ಚಿತ್ರದ ಗುಣಗಳನ್ನು ಮರೆತು ಈ ಮಾತು ಆಡುತ್ತಿಲ್ಲ. ಕೆರಾಡಿಯ ಹುಡುಗನೊಬ್ಬ ತನ್ನೂರಿನ ಕಾಡು, ಗದ್ದೆ, ಕಂಬಳ, ಭೂತಕೋಲಗಳನ್ನು ದೇಶದ ಮುಂದೆ ಇಟ್ಟದ್ದು ಸಣ್ಣ ಸಂಗತಿಯಲ್ಲ. ಹಾಸ್ಯನಟರ ಬಾಯಲ್ಲಿ ಮಾತ್ರ ಕೇಳಿ ಅಭ್ಯಾಸವಾಗಿದ್ದ ಕುಂದಗನ್ನಡ ಇಲ್ಲಿ ನಾಯಕನ, ತಾಯಿಯ, ಖಳನ ಮಾತಾಯಿತು. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಅಜನೀಶ್ ಲೋಕನಾಥ್ ಅವರ ಸಂಗೀತ, ರಿಷಬ್ ಮೈಯನ್ನು ದಂಡಿಸಿದ ರೀತಿ, ಇವನ್ನೆಲ್ಲ ಸಾಕಷ್ಟು ಜನ ಸಾಕಷ್ಟು ಹೊಗಳಿದ್ದಾರೆ. ನನಗೂ ತಕರಾರಿಲ್ಲ. ಕಥೆಯೊಳಗಿನ ಮನುಷ್ಯರು ತಾವು ಮಾಡುವುದನ್ನು ಯಾಕೆ ಮಾಡುತ್ತಾರೆ ಎಂಬಲ್ಲಿಂದ ನನ್ನ ತಕರಾರು ಶುರುವಾಗುತ್ತದೆ.

ಮೊದಲ ಪ್ರಸಂಗ 1970ರದು. ಅರಸನೊಬ್ಬ ಹಿಂದೆ ಜನರಿಗೆ ಬಿಟ್ಟುಕೊಟ್ಟಿದ್ದ ಭೂಮಿಯನ್ನು ಅವನ ವಂಶದವನು ವಾಪಸು ಕೇಳುತ್ತಾನೆ. ಕೋಲದ ನಡುವೆ ದೈವ ಒಪ್ಪುವುದಿಲ್ಲ. ಆಗ ಅವನು ಒಂದು ಸಂಶಯ ಎತ್ತುತ್ತಾನೆ: ಈ ಮಾತು ದೈವದ್ದೋ, ಕೋಲ ಕಟ್ಟಿದವನದ್ದೋ? ಕೋಲ ಕಟ್ಟಿದವನು, ಎಂದರೆ ಶಿವನ ತಂದೆ, ಉತ್ತರವನ್ನು ಪಣವಾಗಿ ಒಡ್ಡುತ್ತಾನೆ. ಆಡಿದ್ದು ನಾನಾದರೆ ನಿಮ್ಮ ಕಣ್ಣಿಗೆ ಸಿಗುತ್ತೇನೆ, ದೈವವಾದರೆ ಸಿಗುವುದಿಲ್ಲ ಎಂಬರ್ಥದ ಮಾತಾಡಿ ಕಾಡಿಗೆ ಓಡುತ್ತಾನೆ. ಮತ್ತೆ ಸಿಗುವುದೇ ಇಲ್ಲ.

ಈ ಪ್ರಸಂಗವನ್ನು ಬಹಳ ಮಂದಿ ಪವಾಡವೆಂದು ನೋಡಿ ಮುಂದೆ ಹೋದರು. ನಿಂತು ನೋಡಿದರೆ ಇಲ್ಲಿರುವುದು ಪವಾಡಕ್ಕಿಂತ ದೊಡ್ಡದು. ನಮ್ಮ ಕಡೆಯ ದರ್ಶನದಲ್ಲಿ, ಕೋಲದಲ್ಲಿ, ಗೆಂಡದಲ್ಲಿ ಕೈಮುಗಿದು ನಿಂತ ಯಾರ ಮನಸ್ಸಿನಲ್ಲಿಯೂ ಒಂದಲ್ಲ ಒಂದು ಗಳಿಗೆಯಲ್ಲಿ ಈ ಪ್ರಶ್ನೆ ಹಾದುಹೋಗುತ್ತದೆ. ನಂಬದವನಿಗಿಂತ ನಂಬಿದವನನ್ನೇ ಅದು ಹೆಚ್ಚು ಕಾಡುತ್ತದೆ. ನಿನ್ನೆಯವರೆಗೆ ಧಣಿಯ ಅಂಗಳದ ಹೊರಗೆ ನಿಲ್ಲುತ್ತಿದ್ದವನು ಇಂದು ರಾತ್ರಿ ಧಣಿಯನ್ನು ಹೆಸರು ಹಿಡಿದು ಕರೆಯುತ್ತಾನೆ, ಗದರುತ್ತಾನೆ, ನ್ಯಾಯ ಹೇಳುತ್ತಾನೆ. ಬೆಳಗಾದರೆ ಮತ್ತೆ ಹೊರಗೆ ನಿಲ್ಲುತ್ತಾನೆ. ಆ ಒಂದು ರಾತ್ರಿಯ ಅಧಿಕಾರ ಎಲ್ಲಿಂದ ಬಂತು? ದೈವದಿಂದ ಬಂತು ಎಂದು ಎಲ್ಲರೂ ಒಪ್ಪಿರುವವರೆಗೆ ಮಾತ್ರ ಅದು ನಡೆಯುತ್ತದೆ. ವಂಶಸ್ಥ ಎತ್ತಿದ ಸಂಶಯ ಹೀಗೆ ಇಡೀ ವ್ಯವಸ್ಥೆಯ ಬುಡಕ್ಕೆ ಕೈ ಹಾಕುತ್ತದೆ. ತನ್ನ ಲಾಭ ಹೋಗುತ್ತದೆ ಎನ್ನುವಾಗ ಮಾತ್ರ ಅವನಿಗೆ ಈ ಸಂಶಯ ಬರುವುದೂ ನಿಜವಾದ ಮನುಷ್ಯ ಸ್ವಭಾವವೇ.

ಇನ್ನು ತಂದೆಯ ಉತ್ತರ. ಅದನ್ನು ಹೇಳುವಾಗ ಅವನ ಪಕ್ಕದಲ್ಲಿ ಹೆಂಡತಿ ಇದ್ದಾಳೆ, ಎದುರಿಗೆ ಸಣ್ಣ ಮಗ ಇದ್ದಾನೆ. ಓಡಿದವನು ದೈವವೇ ಆಗಿದ್ದರೆ ಅದು ಪವಾಡ. ಓಡಿದವನು ಮನುಷ್ಯನಾಗಿದ್ದರೆ? ಊರಿನ ಭೂಮಿ ಉಳಿಯಬೇಕು, ದೈವದ ಮಾತು ಸುಳ್ಳಾಗಬಾರದು ಎಂದು ಹೆಂಡತಿ, ಮಗ, ಜೀವ ಎಲ್ಲವನ್ನೂ ಬಿಟ್ಟು ಮರಳಿ ಬಾರದ ಕಾಡಿಗೆ ಹೋದ ಮನುಷ್ಯನಾಗಿದ್ದರೆ? ಆ ಗಳಿಗೆಯಲ್ಲಿ ಚಿತ್ರ ಎರಡಕ್ಕೂ ಜಾಗ ಬಿಟ್ಟಿದೆ. ಎರಡನೆಯದು ಮೊದಲನೆಯದಕ್ಕಿಂತ ಭಯಂಕರ, ಮೊದಲನೆಯದಕ್ಕಿಂತ ಪವಿತ್ರ ಕೂಡ. ಹಲವು ತಿಂಗಳ ನಂತರ ವಂಶಸ್ಥ ಕೋರ್ಟಿನ ಮೆಟ್ಟಿಲಲ್ಲಿ ರಕ್ತ ಕಾರಿ ಸಾಯುವಾಗ ಚಿತ್ರ ಅವಸರಪಟ್ಟು ಒಂದು ಬಾಗಿಲು ಮುಚ್ಚುತ್ತದೆ. ಆದರೂ ತಂದೆಯ ಒಗಟು ಉಳಿದೇ ಇರುತ್ತದೆ.

ಎರಡನೆಯ ಪ್ರಸಂಗ ಗುರುವನದು, 1990ರದು. ಶಿವ ಕೋಲದಿಂದ ದೂರ ಉಳಿದ. ತಂದೆ ಕಣ್ಣೆದುರೇ ಮಾಯವಾದ ಹುಡುಗ ದೂರ ಉಳಿಯುವುದು ಸಹಜ, ಆ ಕಾರಣ ನಮಗೆ ಗೊತ್ತು. ಅವನ ಬದಲಿಗೆ ಕೋಲ ಕಟ್ಟುವ ಹೊಣೆ ಹೊತ್ತವನು ಗುರುವ. ಅವನನ್ನು ಧಣಿ ದೇವೇಂದ್ರ ಸುತ್ತೂರು ಕರೆದು, ಭೂಮಿಯನ್ನು ಧಣಿಗೆ ಬಿಟ್ಟುಕೊಡಿ ಎಂದು ದೈವದ ಬಾಯಲ್ಲಿ ಜನರಿಗೆ ಹೇಳಿಸು ಎನ್ನುತ್ತಾನೆ. ಗುರುವ ಒಪ್ಪುವುದಿಲ್ಲ. ಕೊಲೆಯಾಗುತ್ತಾನೆ.

1970ರ ಪ್ರಶ್ನೆಯನ್ನೇ ದೇವೇಂದ್ರ ಇಲ್ಲಿ ಒಳಗಿನಿಂದ ಹಿಡಿದಿದ್ದಾನೆ. ವಂಶಸ್ಥ ‘ಆಡಿದ್ದು ನೀನೋ ದೈವವೋ’ ಎಂದು ಕೇಳಿದ. ದೇವೇಂದ್ರ ‘ಆಡುವುದು ನೀನೇ ಎಂದು ನನಗೆ ಗೊತ್ತು, ನನ್ನ ಪರವಾಗಿ ಆಡು’ ಎಂಬಂತೆ ವ್ಯವಹಾರ ಕುದುರಿಸಲು ಬರುತ್ತಾನೆ. ಅವನು ಗುಟ್ಟಿನಲ್ಲಿ ನಾಸ್ತಿಕ, ಬಹಿರಂಗದಲ್ಲಿ ಭಕ್ತ. ನಮ್ಮ ಊರುಗಳಲ್ಲಿ ದೈವದ ನುಡಿಗೆ ರಿಜಿಸ್ಟ್ರಿ ಕಾಗದದಷ್ಟೇ ತೂಕವಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಗುರುವನಿಗೂ ಒಂದು ವಿಷಯ ಗೊತ್ತು: ದೈವ ಬಾರದೆಯೂ ದೈವ ಬಂದಂತೆ ಮಾತಾಡಲು ಸಾಧ್ಯ, ಯಾರಿಗೂ ತಿಳಿಯುವುದಿಲ್ಲ. ಸಾಧ್ಯ ಎಂದು ಗೊತ್ತಿದ್ದೂ ಆಡಲಾರೆ ಎನ್ನುವವನ ನಂಬಿಕೆಯೇ ನಂಬಿಕೆ. ಯಾವ ದೈವವೂ ಅವನ ಮೈಮೇಲೆ ಇಲ್ಲದ ಹೊತ್ತಿನಲ್ಲಿ, ಬಣ್ಣವಿಲ್ಲ, ಗಗ್ಗರವಿಲ್ಲ, ದೀವಟಿಗೆಯಿಲ್ಲ, ಬರೀ ಮನುಷ್ಯನಾಗಿ ಅವನು ಇಲ್ಲ ಎಂದ. ಇಡೀ ಚಿತ್ರದಲ್ಲಿ ದೈವಕ್ಕೆ ಸಂದ ಅತ್ಯಂತ ದೊಡ್ಡ ಸೇವೆ ಅದು.

ಚಿತ್ರ ಈ ಗುರುವನಿಗೆ ಏನು ಕೊಟ್ಟಿತು? ಕೆಲವೇ ನಿಮಿಷ ಕೊಟ್ಟಿತು. ಶಿವನ ಬದಲಿಗೆ ಅವನು ಈ ಭಾರ ಯಾಕೆ ಹೊತ್ತ, ಮಾಯವಾದ ಹಿರಿಯನ ನೆನಪು ಅವನನ್ನು ಹೇಗೆ ಕಾಡಿತು, ಕೋಲ ಕಟ್ಟುವ ಹಿಂದಿನ ರಾತ್ರಿ ಅವನಿಗೆ ನಿದ್ದೆ ಬರುತ್ತಿತ್ತೇ, ಒಂದೂ ಇಲ್ಲ. ಅವನ ಸಾವು ಶಿವನನ್ನು ಕೆರಳಿಸುವ ಕಾರಣವಾಗಿ ಬಳಕೆಯಾಗುತ್ತದೆ. ಕೊಂದವನು ಯಾರೆಂದು ನೋಡುಗನಿಗೆ ಗೊತ್ತು, ಶಿವನಿಗೆ ಗೊತ್ತಿಲ್ಲ. ಅರಣ್ಯಾಧಿಕಾರಿ ಮುರಳೀಧರನ ಮೇಲೆ ತಪ್ಪು ಹೊರಿಸುವ ಧಣಿಯ ಮಾತನ್ನು ಅವನು ನಂಬುತ್ತಾನೆ. ಕಮ್ಮಾರ ಮಹಾದೇವನಿಂದ ನಿಜ ತಿಳಿಯುವವರೆಗೆ ಕಥೆ ಪತ್ತೇದಾರಿ ದಾರಿಯಲ್ಲಿ ಓಡುತ್ತದೆ. ಗುರುವ ಯಾಕೆ ಸತ್ತ ಎಂಬ ಆಳದ ಪ್ರಶ್ನೆಯ ಜಾಗದಲ್ಲಿ ಗುರುವನನ್ನು ಯಾರು ಕೊಂದರು ಎಂಬ ಸುಲಭದ ಪ್ರಶ್ನೆ ಬಂದು ಕೂತಿತು.

ಆಮೇಲೆ ಆ ಇಪ್ಪತ್ತು ನಿಮಿಷ. ಗುಳಿಗ ಬಂದ ಮೇಲೆ ಯಾರೂ ಯಾವ ಕಾರಣವನ್ನೂ ಕೊಡಬೇಕಾಗಿಲ್ಲ. ಆಡಿದ್ದು ಯಾರು ಎಂದು ಕೇಳುವ ಬಾಯಿಗಳೆಲ್ಲ ಸತ್ತಿವೆ ಅಥವಾ ಕೈಮುಗಿದಿವೆ. ಕೊನೆಗೆ ಶಿವನೂ ಕೋಲ ಕಟ್ಟಿ ಮುರಳೀಧರನ ಕೈಯನ್ನೂ ಊರವರ ಕೈಗಳನ್ನೂ ಸೇರಿಸಿ ಕಾಡಿನಲ್ಲಿ ಮಾಯವಾಗುತ್ತಾನೆ. ಕೈ ಸೇರಿದ ಮೇಲೆ ಏನಾಯಿತು? ಅರಣ್ಯ ಇಲಾಖೆಯ ಗಡಿಕಲ್ಲು ಎಲ್ಲಿ ನಿಂತಿತು? ಜನರಿಗೆ ಸೌದೆ ತರುವ, ಬೇಟೆಯಾಡುವ, ಸಾಗುವಳಿ ಮಾಡುವ ಹಕ್ಕು ಉಳಿಯಿತೇ? ಮುರಳೀಧರ ತನ್ನ ಮನಸ್ಸನ್ನು ಬದಲಿಸಿದನೋ, ಕಾನೂನನ್ನೋ? ಚಿತ್ರದ ಮೊದಲ ಅರ್ಧ ಊರಿಗೂ ಅರಣ್ಯ ಇಲಾಖೆಗೂ ನಡೆದ ಇದೇ ಜಗಳದ ಮೇಲೆ ನಿಂತಿತ್ತು. ನಮ್ಮ ಘಟ್ಟದ ಬುಡದ ಊರುಗಳಲ್ಲಿ ಈ ಜಗಳ ಕಲ್ಪನೆಯದಲ್ಲ. ಮೂಕಾಂಬಿಕಾ ವನ್ಯಧಾಮವಾದದ್ದು 1974ರಲ್ಲಿ. ಕಾಡಿನಲ್ಲಿ ಬದುಕುವವರ ಹಕ್ಕನ್ನು ಒಪ್ಪುವ ಕಾಯ್ದೆ ದೇಶಕ್ಕೆ ಬಂದದ್ದು 2006ರಲ್ಲಿ. ಆ ನಡುವಿನ ಮೂವತ್ತೆರಡು ವರ್ಷಗಳ ಸಂಕಟವನ್ನು ಒಂದು ಹಸ್ತಲಾಘವ ಮುಗಿಸಿಬಿಟ್ಟಿತು.

ಇನ್ನೊಂದು ಮೌನವಿದೆ. ಚಿತ್ರ 1970ರಿಂದ ನೇರವಾಗಿ 1990ಕ್ಕೆ ಹಾರುತ್ತದೆ. ಈ ನಡುವೆ 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಕರಾವಳಿಯಲ್ಲಿ ಧಣಿ ಮತ್ತು ಒಕ್ಕಲಿನ ಸಂಬಂಧವನ್ನು ಅಷ್ಟು ಬದಲಿಸಿದ ಇನ್ನೊಂದು ಘಟನೆ ಇಲ್ಲ. ಗೇಣಿ ಒಕ್ಕಲುಗಳು ಡಿಕ್ಲರೇಶನ್ ಹಾಕಿದರು, ಟ್ರಿಬ್ಯುನಲ್ಲಿನ ಮುಂದೆ ಧಣಿಗಳ ಎದುರು ನಿಂತರು. ಭೂಮಿಯೇ ಕಥೆಯ ಬೆನ್ನೆಲುಬಾಗಿರುವ ಚಿತ್ರದಲ್ಲಿ ಇದರ ಸುಳಿವು ಇಲ್ಲದಿರುವುದರಿಂದ ದೇವೇಂದ್ರನ ಉದ್ದೇಶವೇ ತೆಳುವಾಯಿತು. 1990ರ ಧಣಿ 1970ರ ಧಣಿಯಂತೆ ಇರಲಾರ. ಅವನು ಸೋತಿರುವವನು, ಕಾಗದದಲ್ಲಿ ಕಳೆದುಕೊಂಡದ್ದನ್ನು ನುಡಿಯಲ್ಲಿ ವಾಪಸು ಪಡೆಯಲು ಹೊರಟವನು. ಹೀಗೆ ಬರೆದಿದ್ದರೆ ಗುರುವನ ಬಳಿ ಅವನು ಬರುವುದಕ್ಕೆ ಚರಿತ್ರೆಯ ಒತ್ತಡವೂ ಸಿಗುತ್ತಿತ್ತು. ದೇವೇಂದ್ರನಾದ ಅಚ್ಯುತ್ ಕುಮಾರ್ ಅಂಥ ಪಾತ್ರವನ್ನು ಆಡಬಲ್ಲ ನಟ. ಅವರಿಗೆ ಸಿಕ್ಕಿದ್ದು ನಗುವ ಖಳನ ಪಾತ್ರ.

ಇಂಥ ಮಾತಾಡಿದಾಗಲೆಲ್ಲ ಎರಡು ಬಣಗಳಿಂದ ಬರುವ ಉತ್ತರ ನನಗೆ ಗೊತ್ತು. ಒಂದು ಬಣ ಹೇಳುತ್ತದೆ: ದೈವದ ವಿಷಯದಲ್ಲಿ ತರ್ಕ ಕೇಳಬೇಡಿ, ಅದು ನಂಬಿಕೆ. ಇವರಿಗೆ ನನ್ನ ಉತ್ತರ ನೇರ. ದೈವದಲ್ಲಿ ನಾನು ತರ್ಕ ಕೇಳುತ್ತಿಲ್ಲ, ಚಿತ್ರಕಥೆಯಲ್ಲಿ ಕೇಳುತ್ತಿದ್ದೇನೆ. ದೈವಸ್ಥಾನದಲ್ಲಿ ತಲೆಬಾಗುವವನು ಚಿತ್ರಮಂದಿರದಲ್ಲಿಯೂ ತಲೆ ಬಾಗಿಸಿಯೇ ಕೂರಬೇಕೆಂದರೆ ಅಲ್ಲಿ ಕಲೆಯ ಕೆಲಸ ಏನು ಉಳಿಯಿತು? ನಿಜವಾದ ನಂಬಿಕೆಯವರೇ ಇಲ್ಲಿ ಹೆಚ್ಚು ನಿಷ್ಠುರರು. ಮೈಮೇಲೆ ಬಂದದ್ದು ಸುಳ್ಳೋ ನಿಜವೋ ಎಂದು ಪರೀಕ್ಷಿಸುವ ಕ್ರಮ ಊರಿನ ಹಿರಿಯರಿಗೆ ಹೊಸದಲ್ಲ. ನುಡಿ ತಪ್ಪಿದರೆ ಕೇಳುವವರಿದ್ದಾರೆ. ಚಿತ್ರದ ಅಭಿಮಾನಿಗಳು ಬೇಡವೆನ್ನುವ ಪ್ರಶ್ನೆಯನ್ನು ಸಂಪ್ರದಾಯ ತಾನೇ ಕೇಳಿಕೊಂಡು ಬಂದಿದೆ.

ಇನ್ನೊಂದು ಬಣ 2022ರ ಅಕ್ಟೋಬರ್‌ನಿಂದ ಒಂದೇ ಜಗಳ ಆಡುತ್ತಿದೆ: ಭೂತಕೋಲ ಹಿಂದೂ ಆಚರಣೆಯೋ, ಅದಕ್ಕೂ ಹಿಂದಿನದೋ? ದೈವ ಯಾರಿಗೆ ಸೇರಿದ್ದು? ಆ ಚರ್ಚೆ ಮುಖ್ಯವಾದದ್ದೇ, ಚರಿತ್ರೆಕಾರರು ಮಾಡಲಿ. ಆದರೆ ಚಿತ್ರವಿಮರ್ಶೆಯ ಹೆಸರಿನಲ್ಲಿ ಇದನ್ನೇ ಬರೆದವರು ಚಿತ್ರವನ್ನು ನೋಡಲಿಲ್ಲ ಎನ್ನಬೇಕಾಗುತ್ತದೆ. ಪರ ಬರೆದವರೂ ವಿರೋಧ ಬರೆದವರೂ ಕೊನೆಯ ಭಾಗವನ್ನೇ ಹಿಡಿದು ಜಗ್ಗಾಡಿದರು. ಕೋಲ ಕಟ್ಟುವ ಸಮುದಾಯದ ಬಗ್ಗೆ ಕಾಳಜಿ ಇರುವವರಾದರೂ ಗುರುವನನ್ನು ನೋಡಬೇಕಿತ್ತು. ಆ ಸಮುದಾಯದ ಮನುಷ್ಯನೊಬ್ಬ ಸ್ವಂತ ವಿವೇಕದಿಂದ ಧಣಿಗೆ ಇಲ್ಲ ಎನ್ನುವ ದೃಶ್ಯ ಕಣ್ಣೆದುರೇ ಇತ್ತು. ಅದನ್ನು ಬಿಟ್ಟು ದೈವದ ವಂಶಾವಳಿ ಹುಡುಕಿದರು.

ಮೂರನೆಯ ವಾದವೂ ಇದೆ, ಇದು ಸ್ವಲ್ಪ ಗಂಭೀರದ್ದು. ‘ಕಾಂತಾರ’ ಯಾವ ಕಾದಂಬರಿಯಿಂದಲೂ ಬಂದದ್ದಲ್ಲ, ಮಣ್ಣಿನಿಂದ ನೇರ ಬಂದದ್ದು, ಅದಕ್ಕೆ ಸಾಹಿತ್ಯದ ಅಳತೆಗೋಲು ಯಾಕೆ ಎಂಬುದು. ಆದರೆ ಅಳತೆಗೋಲೂ ಇದೇ ಮಣ್ಣಿನದು. ಕೋಟದ ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದದ್ದು 1930ರ ದಶಕದ ಆರಂಭದಲ್ಲಿ. ಭೂಮಿ, ಧಣಿ, ದೈವ, ಮುಟ್ಟಬಾರದವನೆಂದು ದೂರ ಇಟ್ಟ ಮನುಷ್ಯ, ಎಲ್ಲವೂ ಅಲ್ಲಿವೆ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾವ್ ಶ್ರೇಷ್ಠ ನಟರಾದರು. ಕಾದಂಬರಿಯಲ್ಲಿ ಬೇಸಾಯಕ್ಕೊಂದು ತುಂಡು ಭೂಮಿಯ ಆಸೆಗೆ, ಮಕ್ಕಳನ್ನು ಕಳೆದುಕೊಂಡ ಸಂಕಟಕ್ಕೆ, ಚೋಮ ಮತಾಂತರವಾಗಲು ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿಯ ನೆಲೆ. ಅಲ್ಲಿಂದ ಹಿಂದಿರುಗುತ್ತಾನೆ.

ಅವನನ್ನು ಹಿಂದಕ್ಕೆ ಕಳಿಸಿದ್ದು ಪಂಜುರ್ಲಿಯೋ, ಪಂಜುರ್ಲಿಯ ಭಯವೋ, ಅಪ್ಪ ಅಜ್ಜಂದಿರ ಋಣವೋ? ಕಾದಂಬರಿ ಒಂದನ್ನು ಆರಿಸಿ ಕೊಡುವುದಿಲ್ಲ. ಮೂರೂ ಒಟ್ಟಿಗೆ ನಿಜವಾಗಿರುವಂತೆ ಚೋಮನನ್ನು ಮೊದಲ ಪುಟದಿಂದ ಕಟ್ಟಿದೆ. ಹಿಂದಿರುಗಿದ್ದಕ್ಕೆ ಅವನಿಗೆ ಬಹುಮಾನವೂ ಇಲ್ಲ. ಗುಡಿಸಲಿನಲ್ಲಿ ಮಗಳು ಬೆಳ್ಳಿಯನ್ನು ಮನ್ವೇಲನ ಜೊತೆ ಕಾಣಬೇಕಾಗುತ್ತದೆ, ಆಮೇಲೆ ದುಡಿ, ಆಮೇಲೆ ಸಾವು. ದೈವಕ್ಕೆ ತಲೆಬಾಗಿದವನು ಅದರ ಬೆಲೆ ತೆತ್ತ. ಕಾದಂಬರಿಕಾರನ ಕೈಯಲ್ಲಿ ಚೆಂಡೆಯಿಲ್ಲ, ಕೂಗಿಲ್ಲ, ಬೆಂಕಿಯಿಲ್ಲ. ಆದ್ದರಿಂದ ಮನುಷ್ಯನ ಒಳಗನ್ನು ತೋರಿಸದೆ ಅವನಿಗೆ ಗತ್ಯಂತರವಿಲ್ಲ. ಸಿನಿಮಾಕ್ಕೆ ಆ ಎಲ್ಲ ಸಲಕರಣೆ ಇರುವುದರಿಂದಲೇ ಒಳಗು ಖಾಲಿಯಾದದ್ದು ನೋಡುಗನಿಗೆ ತಟ್ಟುವುದಿಲ್ಲ.

ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರದು. ಬಾಲವಿಧವೆಯಾಗಿ ಮುದುಕಿಯಾದವಳೊಬ್ಬಳು ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದು ಸಾವಿರಾರು ವರ್ಷಗಳ ಹಿಂದಿನದನ್ನು ಕಂಡಂತೆ ಹೇಳುತ್ತಾಳೆ. ನಮ್ಮ ಸಾಹಿತ್ಯದಲ್ಲಿ ಇದಕ್ಕಿಂತ ಅದ್ಭುತದ ಕಲ್ಪನೆ ಅಪರೂಪ. ಆದರೆ ಎದುರಿಗೆ ಕೂತು ಕೇಳುವವನು ಓದಿದ ಮೊಮ್ಮಗ ಸುಬ್ಬರಾಯ. ಅವನು ಕೇಳುತ್ತಾನೆ, ಬೆರಗಾಗುತ್ತಾನೆ, ಅನುಮಾನವನ್ನೂ ಬಿಡುವುದಿಲ್ಲ. ಅಜ್ಜಿ ಕಂಡದ್ದೋ, ಬದುಕಿನಿಂದ ಕಲಿತದ್ದೋ ಎಂಬ ಪ್ರಶ್ನೆ ಕೊನೆಯವರೆಗೂ ಜೀವಂತ. 2019ರಲ್ಲಿ ಪಿ. ಶೇಷಾದ್ರಿ ಅವರು ಬಿ. ಜಯಶ್ರೀ ಅವರನ್ನು ಅಜ್ಜಿಯಾಗಿಸಿ ಇದನ್ನು ತೆರೆಗೆ ತಂದರು. ಆ ಚಿತ್ರ ‘ಕಾಂತಾರ’ ತಲುಪಿದಷ್ಟು ಜನರನ್ನು ತಲುಪಲಿಲ್ಲ. ತಲುಪಬೇಕಿತ್ತು. ಅದ್ಭುತವನ್ನೂ ಅನುಮಾನವನ್ನೂ ಒಂದೇ ಜಗಲಿಯಲ್ಲಿ ಕೂರಿಸುವುದು ಸಾಧ್ಯ ಎಂದು ಈ ಕಥೆ ಐವತ್ತು ವರ್ಷಗಳ ಹಿಂದೆಯೇ ತೋರಿಸಿದೆ.

‘ಕಾಂತಾರ’ದ ಕಥೆಯ ಮುಂದಿನ ಹೆಜ್ಜೆ ಹಿಂದಕ್ಕೆ ಹೋಯಿತು. 2025ರ ಅಕ್ಟೋಬರ್ 2ರಂದು ಬಂದ ‘ಚಾಪ್ಟರ್ 1’ ಕದಂಬರ ಕಾಲದ ಅರಮನೆ, ಯುದ್ಧಗಳಿಗೆ ಹೊರಳಿತು. ಗುರುವನ ದಾರಿ ಇನ್ನಷ್ಟು ದೂರವಾಯಿತು. ನಮ್ಮ ಕಡೆಯಿಂದ ಇನ್ನೂ ಇಂಥ ಚಿತ್ರಗಳು ಬರುತ್ತವೆ, ಹಣವೂ ಪ್ರತಿಭೆಯೂ ಈಗ ಇಲ್ಲಿವೆ. ಬರೆಯುವವರಿಗೆ ನನ್ನ ಒತ್ತಾಯ ಒಂದೇ: ದೈವವನ್ನು ಮೈಮೇಲೆ ತರುವ ಮೊದಲು, ಆ ಮೈ ಯಾರದು, ಅವನಿಗೆ ಏನು ಬೇಕಿತ್ತು, ಯಾವುದಕ್ಕೆ ಹೆದರಿದ, ಯಾವುದಕ್ಕೆ ಒಪ್ಪಲಿಲ್ಲ ಎಂದು ಬರೆಯಿರಿ. ‘ಕಾಂತಾರ’ ಒಂದೇ ಒಂದು ಸಲ ಹಾಗೆ ಬರೆಯಿತು, ಗುರುವನಲ್ಲಿ. ಆ ಮನುಷ್ಯನನ್ನು ನಡುವಿನಲ್ಲಿ ಇಟ್ಟಿದ್ದರೆ ಅದು ‘ಚೋಮನ ದುಡಿ’ಯ ಪಕ್ಕದಲ್ಲಿ ನಿಲ್ಲುವ ಕೃತಿಯಾಗುತ್ತಿತ್ತು. ಈಗ ಅದು ದೊಡ್ಡ ಯಶಸ್ಸು ಪಡೆದ ಚಿತ್ರ, ತಾನೇ ಎತ್ತಿದ ದೊಡ್ಡ ಪ್ರಶ್ನೆಗೆ ಬೆನ್ನು ತಿರುಗಿಸಿದ ಚಿತ್ರ.