ಹೆಣಗಳ ನಡುವೆ ನಡೆದ ದೊರೆ: ರನ್ನನ ‘ಗದಾಯುದ್ಧ’ – ಒಬ್ಬ ವೈದ್ಯನ ಓದು

ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಮಕ್ಕಳು ‘ಗದಾಯುದ್ಧ’ದ ದೃಶ್ಯವನ್ನು ಆಡಿದ್ದು ಅನೇಕರಿಗೆ ನೆನಪಿರಬಹುದು. ರಟ್ಟಿನ ಗದೆಗಳು, ಜರಿ ಅಂಟಿಸಿದ ಕಿರೀಟಗಳು. ಭೀಮ ತೊಡೆಗೆ ಹೊಡೆದಾಗ ಸಭಾಂಗಣದ ತುಂಬ ಚಪ್ಪಾಳೆ. ಕಾರ್ಯಕ್ರಮ ಸಮಿತಿಯಲ್ಲಿ ನಾನೂ ಇದ್ದೆ. ನಾಟಕಕ್ಕೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಯಾವ ಭಾಗವನ್ನು ಕೈಬಿಡುವುದು ಎಂಬ ಪ್ರಶ್ನೆ ಬಂದಾಗ, “ದುರ್ಯೋಧನ ರಣರಂಗದಲ್ಲಿ ನಡೆದು ಹೋಗುವುದನ್ನು ಬಿಡೋಣ, ಅಲ್ಲಿ ಬರೀ ಅಳು, ಊಟಕ್ಕೂ ತಡವಾಗುತ್ತದೆ” ಎಂದವನು ನಾನೇ.

ಆಮೇಲೆ ಚಳಿಗಾಲದ ಬಿಡುವಿನಲ್ಲಿ, ಗದ್ಯಾನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಇಡೀ ಕಾವ್ಯವನ್ನು ಮತ್ತೆ ಓದಿದೆ. ನಾನು ಬಿಡಿಸಿದ್ದು ಕಾವ್ಯದ ತಿರುಳನ್ನೇ ಎಂದು ಆಗ ಅರಿವಾಯಿತು. ನಾನು ಸಾಹಿತ್ಯದ ವಿದ್ವಾಂಸನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಇಂಗ್ಲೆಂಡಿನಲ್ಲಿ ರೋಗಿಗಳನ್ನು ನೋಡಿ ನಿವೃತ್ತನಾದ ವೈದ್ಯ. ಈ ಲೇಖನವನ್ನು ಒಬ್ಬ ವೈದ್ಯನ ಓದು ಎಂದೇ ತಿಳಿಯಬೇಕು.

ಗೆದ್ದವನ ಕಾವ್ಯದಲ್ಲಿ ಸೋತವನ ನಡಿಗೆ

ಮುಧೋಳದ ರನ್ನ ಹತ್ತನೆಯ ಶತಮಾನದ ಕವಿ. ಬಳೆಗಾರರ ಮನೆತನದಿಂದ ಬಂದವನು. ಕಲ್ಯಾಣದ ಚಾಲುಕ್ಯರ ಆಶ್ರಯ ಪಡೆದು, ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಈ ಕಾವ್ಯ ಬರೆದ. ಇದರ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’. ಹೆಸರೇ ಹೇಳುವಂತೆ ಇದು ಗೆದ್ದವನ ಕಾವ್ಯ. ಆದರೂ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಬಿ.ಎಂ.ಶ್ರೀ. ಇದನ್ನು ನಾಟಕಕ್ಕೆ ಇಳಿಸಿದ್ದರ ಹಿಂದೆ ಆ ದುರಂತದ ಸೆಳೆತ ಇದ್ದೇ ಇರಬೇಕು.

ಯುದ್ಧ ಬಹುತೇಕ ಮುಗಿದಿದೆ. ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ದುರ್ಯೋಧನ ಸಂಜಯನೊಡನೆ ರಣಭೂಮಿಯನ್ನು ದಾಟಿ ಹೊರಡುತ್ತಾನೆ. ಸತ್ತ ಆನೆ, ಕುದುರೆ, ಕಾಲಾಳುಗಳ ರಾಶಿಯ ನಡುವೆ ದಾರಿ ಹುಡುಕಬೇಕು. ಮರುಳುಗಳು ಹಂಗಿಸುತ್ತವೆ. ದ್ರೋಣ ಸಿಗುತ್ತಾನೆ. ಶತ್ರುಪಕ್ಷದ ಅಭಿಮನ್ಯು ಸಿಗುತ್ತಾನೆ. ಆ ಹುಡುಗನ ಮುಂದೆ ನಿಂತು, ನಿನ್ನಂಥ ಸಾವು ನನಗೂ ಬರಲಿ ಎಂದು ದುರ್ಯೋಧನ ಕೇಳಿಕೊಳ್ಳುತ್ತಾನೆ. ಸ್ವಂತ ಮಗ ಲಕ್ಷಣಕುಮಾರನ ಹೆಣದ ಮುಂದೆ, ಮಗ ತಂದೆಗೆ ಮಾಡಬೇಕಾದ ಕರ್ಮವನ್ನು ತಂದೆ ಮಗನಿಗೆ ಮಾಡುವಂತಾಯಿತಲ್ಲ ಎಂದು ಹಲುಬುತ್ತಾನೆ. ದುಶ್ಶಾಸನನಿಗೆ ಹೇಳುವ ಮಾತು ಇನ್ನೂ ಆಪ್ತವಾದದ್ದು: ತಾಯಿಯ ಹಾಲಿನಿಂದ ಹಿಡಿದು ಎಲ್ಲದರಲ್ಲೂ ಮೊದಲು ನಾನು, ಆಮೇಲೆ ನೀನು, ಸಾವಿನಲ್ಲಿ ಮಾತ್ರ ಆ ಕ್ರಮ ತಪ್ಪಿಸಿದೆಯಲ್ಲ ಎಂದು. ಕರ್ಣನನ್ನು ಏಕೆ ಮಾತಾಡುತ್ತಿಲ್ಲ ಎಂದೇ ಕೇಳುತ್ತಾನೆ.

ವಾರ್ಡುಗಳಲ್ಲಿ ಸಾವಿನ ಸುದ್ದಿ ಹೇಳುವುದು ನನ್ನ ವೃತ್ತಿಯ ಭಾಗವಾಗಿತ್ತು. ಮಗ ಅಥವಾ ತಮ್ಮನನ್ನು ಕಳೆದುಕೊಂಡವರು ಆ ಗಳಿಗೆಯಲ್ಲಿ ದೊಡ್ಡ ಮಾತು ಆಡುವುದಿಲ್ಲ. ಊಟ, ಹಾಸಿಗೆ, ಯಾರು ಮೊದಲು, ಯಾರು ಆಮೇಲೆ – ಇಂಥವೇ ಬಾಯಿಗೆ ಬರುತ್ತವೆ. ರನ್ನನಿಗೆ ಇದು ಗೊತ್ತಿತ್ತು.

ವೈದ್ಯನ ಕಣ್ಣಿಗೆ

ನಾನು ಈ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ ಒಬ್ಬ ಹಿರಿಯ ರೋಗಿಯಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಹೋರಾಡಿದವರು. ನಿದ್ದೆ ಬರುವುದಿಲ್ಲ ಎಂಬುದು ದೂರು. ಹಲವು ಭೇಟಿಗಳ ನಂತರ, ನಾನು ಭಾರತದವನೆಂಬ ಸಲಿಗೆಯಿಂದಲೋ ಏನೋ, ಒಂದು ಮಾತು ಹೇಳಿದರು. ಗುಂಡಿನ ಸದ್ದು ಕನಸಿನಲ್ಲಿ ಬರುವುದಿಲ್ಲವಂತೆ. ಬರುವುದು ಕಾಲಿನ ಕೆಳಗಿನ ಮೆತ್ತಗಿನ ಸ್ಪರ್ಶ. ಅದಕ್ಕೇ ನಲವತ್ತು ವರ್ಷವಾದರೂ ಮಳೆ ಬಿದ್ದ ಹುಲ್ಲಿನ ಮೇಲೆ ಅವರು ಕಾಲಿಡುತ್ತಿರಲಿಲ್ಲ. ಅವರ ಹೆಂಡತಿಗೆ ಕಾರಣ ಗೊತ್ತಿರಲಿಲ್ಲ. ಗಂಡನಿಗೆ ತೋಟಗಾರಿಕೆ ಇಷ್ಟವಿಲ್ಲ ಎಂದಷ್ಟೇ ತಿಳಿದಿದ್ದರು. ನಾನು ನಿದ್ದೆಯ ಮಾತ್ರೆ ಬರೆದುಕೊಟ್ಟೆ. ಅದಕ್ಕಿಂತ ಹೆಚ್ಚು ಮಾಡಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಹೆಣಗಳ ನಡುವೆ ಹೆಜ್ಜೆ ಹುಡುಕುವ ದುರ್ಯೋಧನನನ್ನು ಓದುವಾಗ ನನಗೆ ನೆನಪಾದವರು ಅವರು.

ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡಿದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ 1994ರಲ್ಲಿ ‘ಅಕಿಲೀಸ್ ಇನ್ ವಿಯೆಟ್ನಾಂ’ ಎಂಬ ಪುಸ್ತಕ ಬರೆದರು. ಹೋಮರನ ‘ಇಲಿಯಡ್’ ಕಾವ್ಯವನ್ನು ತಮ್ಮ ರೋಗಿಗಳ ಮಾತಿನ ಪಕ್ಕದಲ್ಲಿಟ್ಟು ಓದಿದ ಪುಸ್ತಕ ಅದು. ಗೆಳೆಯ ಸತ್ತಾಗ ದುಃಖಕ್ಕೆ ಎಡೆ ಸಿಗದೆ ಅದು ಕೋಪವಾಗಿ ತಿರುಗುತ್ತದೆ, ಮೇಲಿನವರು ನ್ಯಾಯ ತಪ್ಪಿದಾಗ ಮನಸ್ಸು ಒಡೆಯುತ್ತದೆ ಎಂದು ಅವರು ತೋರಿಸುತ್ತಾರೆ. ಮೊದಲ ಮಾತು ದುರ್ಯೋಧನನಿಗೆ ಅಕ್ಷರಶಃ ಹೊಂದುತ್ತದೆ. ಸಂಧಿ ಮಾಡಿಕೊ ಎನ್ನುವ ಭೀಷ್ಮನ ಮುಂದೆ, ಮಕ್ಕಳೂ ತಮ್ಮಂದಿರೂ ಸತ್ತದ್ದರಿಂದ ತನ್ನಲ್ಲಿ ಹುಟ್ಟಿದ್ದು ಕೋಪ ಎಂದೇ ಅವನು ಹೇಳುತ್ತಾನೆ. ಇಷ್ಟೆಲ್ಲ ನೋಡಿದವನು ಯುದ್ಧ ನಿಲ್ಲಿಸಬೇಕಿತ್ತು ಎಂದು ನಮಗೆ ಅನ್ನಿಸುತ್ತದೆ. ಆದರೆ ಅವನು ನೋಡಿದ ಹೆಣಗಳೇ ಮುಂದಿನ ಹೋರಾಟಕ್ಕೆ ಕಾರಣವಾಗುತ್ತವೆ. ಇಂದಿನ ಯುದ್ಧಗಳ ಸುದ್ದಿ ನೋಡುವಾಗಲೂ ಇದೇ ಕಾಣುವುದಿಲ್ಲವೇ?

ಎರಡನೆಯ ಮಾತು ಮಾತ್ರ ಹೊಂದುವುದಿಲ್ಲ. ಅಕಿಲೀಸನಿಗೆ ದೂರಲು ಒಬ್ಬ ದೊರೆಯಿದ್ದ. ಇಲ್ಲಿ ದೊರೆ ದುರ್ಯೋಧನನೇ. ಭೀಷ್ಮನಿಗೆ ಅವನು ಕೊಡುವ ಉತ್ತರ ಪ್ರಸಿದ್ಧವಾದದ್ದು: ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ, ಕರ್ಣನನ್ನು ಕೊಲ್ಲಿಸಿದ ಈ ನೆಲದೊಡನೆ ತಾನು ಬಾಳಲಾರೆ ಎಂದು. ಶಾಲೆಯಲ್ಲಿ ಇದನ್ನು ಛಲದ, ಸ್ನೇಹದ ಮಾತು ಎಂದು ಓದಿದೆವು. ಈಗ ನನ್ನ ಕಣ್ಣು ನಿಂತದ್ದು ‘ಕೊಲ್ಲಿಸಿದ’ ಎಂಬ ಕ್ರಿಯಾಪದದ ಮೇಲೆ. ಕೊಲ್ಲಿಸಿದ್ದು ಯಾರು? ನೆಲವಂತೆ. ಕರ್ಣನನ್ನು ಸೇನಾಪತಿ ಮಾಡಿ ಕಳುಹಿಸಿದವನು ಅಪವಾದವನ್ನು ಮಣ್ಣಿನ ಮೇಲೆ ಹಾಕುತ್ತಾನೆ. ರನ್ನ ಇಲ್ಲಿ ಏನನ್ನೂ ವಿವರಿಸುವುದಿಲ್ಲ. ಆದರೆ ಅವನ ದುರ್ಯೋಧನ ದೊಡ್ಡವನಾಗುವುದೂ ಕುರುಡನಾಗುವುದೂ ಇದೇ ಒಂದು ಪದ್ಯದಲ್ಲಿ.

ಹೆಸರಿಲ್ಲದವರು

ಕಾವ್ಯದ ಮಿತಿಯನ್ನೂ ಹೇಳಬೇಕು. ದುರ್ಯೋಧನ ನಿಂತು ಅಳುವುದು ಹೆಸರಿದ್ದವರ ಮುಂದೆ. ಮಹಾಭಾರತದ ಲೆಕ್ಕದಲ್ಲಿ ಒಂದು ಅಕ್ಷೌಹಿಣಿಗೆ 1,09,350 ಕಾಲಾಳುಗಳು. ಹದಿನೆಂಟು ಅಕ್ಷೌಹಿಣಿಗೆ 19,68,300. ಲೆಕ್ಕ ಕಾವ್ಯದ್ದೇ ಇರಲಿ, ಅಷ್ಟೂ ಜನರಿಗೂ ತಾಯಂದಿರಿದ್ದರು. ರನ್ನನಲ್ಲಿ ಅವರು ದೊರೆಯ ದಾರಿಗೆ ಅಡ್ಡವಾದ ರಾಶಿ ಮಾತ್ರ. ಊರಿನ ಜನರಂತೂ ಕಾಣುವುದೇ ಇಲ್ಲ.

ಊರಿನವರ ಪಾಡು ಕಾಣಬೇಕಾದರೆ ಶಾಸನಗಳ ಕಡೆ ತಿರುಗಬೇಕು. ಧಾರವಾಡ ಸೀಮೆಯ ಹೊಟ್ಟೂರಿನಲ್ಲಿ 1007ರ ಶಾಸನವಿದೆ. ರನ್ನ ಹೊಗಳಿದ ಅದೇ ಸತ್ಯಾಶ್ರಯನ ಕಾಲದ್ದು. ಚೋಳರು ಒಂಬತ್ತು ಲಕ್ಷ ಸೈನ್ಯದೊಡನೆ ಬಂದು ನಾಡನ್ನು ಸೂರೆಗೈದರು, ಹೆಂಗಸರನ್ನೂ ಮಕ್ಕಳನ್ನೂ ಬ್ರಾಹ್ಮಣರನ್ನೂ ಕೊಂದರು, ಹೆಣ್ಣುಮಕ್ಕಳನ್ನು ಹಿಡಿದೊಯ್ದರು ಎಂದು ಅದು ಹೇಳುತ್ತದೆ. ಒಂಬತ್ತು ಲಕ್ಷ ಎಂಬುದು ಉತ್ಪ್ರೇಕ್ಷೆಯಿರಬೇಕು. ಶಾಸನವೂ ಒಂದು ಪಕ್ಷದ್ದೇ; ವೈರಿ ಮಾಡಿದ್ದನ್ನು ಬರೆಯುತ್ತದೆ, ತನ್ನ ದೊರೆ ಮಾಡಿದ್ದನ್ನು ಗೆಲುವು ಎನ್ನುತ್ತದೆ. ಆದರೂ ಕಾವ್ಯದಲ್ಲಿಲ್ಲದ ಹೆಂಗಸರು, ಮಕ್ಕಳು ಆ ಕಲ್ಲಿನಲ್ಲಿದ್ದಾರೆ.

ಯಾರ ಹೆಸರು ಉಳಿಯುತ್ತದೆ ಎಂಬುದಕ್ಕೆ ಇನ್ನೊಂದು ಕಲ್ಲು: ಮದ್ದೂರು ತಾಲ್ಲೂಕಿನ ಆತಕೂರಿನದು. ಚೋಳ ರಾಜಾದಿತ್ಯ ಸತ್ತ ತಕ್ಕೋಲದ ಯುದ್ಧದ ಕಾಲದ್ದು. ಹಂದಿಯೊಡನೆ ಕಾದಿ ಸತ್ತ ‘ಕಾಳಿ’ ಎಂಬ ಬೇಟೆನಾಯಿಯ ನೆನಪಿಗೆ ಅದರ ಒಡೆಯ ಮಣಲೆರ ನಿಲ್ಲಿಸಿದ್ದು. ನಾಯಿಯನ್ನು ಅಷ್ಟು ಪ್ರೀತಿಸಿದವನ ಬಗ್ಗೆ ನನಗೆ ಗೌರವವಿದೆ. ಆದರೆ ತಕ್ಕೋಲದಲ್ಲಿ ಸತ್ತ ಕಾಲಾಳುಗಳ ಹೆಸರನ್ನು ಆ ಕಲ್ಲು ಹೇಳುವುದಿಲ್ಲ.

ಇದು ಹಳೆಯ ಕಾಲದ ಮಾತು ಎನ್ನುವಂತಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ ಮಡಿದ ಆಫ್ರಿಕಾ, ಮಧ್ಯಪ್ರಾಚ್ಯ, ಭಾರತ ಮೂಲದವರಲ್ಲಿ ಕನಿಷ್ಠ 1,16,000 ಮಂದಿಗೆ, ಬಹುಶಃ 3,50,000ದವರೆಗೆ, ಹೆಸರಿನ ಸ್ಮಾರಕ ಸಿಕ್ಕಿಲ್ಲ ಅಥವಾ ಸ್ಮಾರಕವೇ ಇಲ್ಲ ಎಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಸಮಿತಿಯೇ 2021ರಲ್ಲಿ ಒಪ್ಪಿಕೊಂಡಿತು. ನವೆಂಬರಿನಲ್ಲಿ ನಾವು ಕೋಟಿಗೆ ಕೆಂಪು ಪಾಪಿ ಹೂ ಸಿಕ್ಕಿಸಿಕೊಂಡೇ ರಾಜ್ಯೋತ್ಸವಕ್ಕೆ ಬರುತ್ತೇವೆ. ಆ ಹೂವಿನ ಲೆಕ್ಕಕ್ಕೆ ಇವರೂ ಸೇರಬೇಕು.

ವ್ಯಾಸಭಾರತದ ಸ್ತ್ರೀಪರ್ವದಲ್ಲಿ ಹೆಂಗಸರು ರಣಭೂಮಿಗೆ ಬಂದು ತಮ್ಮವರ ದೇಹಗಳನ್ನು ಹುಡುಕುತ್ತಾರೆ. ದಿಕ್ಕಿಲ್ಲದೆ ಸತ್ತವರಿಗೂ ಸಂಸ್ಕಾರವಾಗಲಿ ಎಂದು ಧರ್ಮರಾಯ ಏರ್ಪಾಟು ಮಾಡುತ್ತಾನೆ. ರನ್ನನ ನಡಿಗೆಯ ಜೊತೆಗೆ ಆ ಭಾಗವನ್ನೂ ಓದಿದರೆ ಚಿತ್ರ ಪೂರ್ತಿಯಾಗುತ್ತದೆ ಎಂದು ನನಗನ್ನಿಸುತ್ತದೆ.

ಈ ವರ್ಷವೂ ಮಕ್ಕಳು ‘ಗದಾಯುದ್ಧ’ವನ್ನೇ ಆಡಬೇಕೆನ್ನುತ್ತಿದ್ದಾರೆ. ಗದೆಗಳು ಇರಲಿ, ಚಪ್ಪಾಳೆಯೂ ಇರಲಿ. ಆದರೆ ಆ ನಡಿಗೆಗೆ ಹತ್ತು ನಿಮಿಷ ಕೊಡಿ ಎಂದು ಸಮಿತಿಗೆ ಬರೆದಿದ್ದೇನೆ. ಊಟ ಅಷ್ಟು ತಡವಾದರೆ ಬಂಧುಗಳು ದಯವಿಟ್ಟು ನನ್ನನ್ನು ಕ್ಷಮಿಸಬೇಕು.